ನಡುಕೋಣೆಯ ಹನ್ನೊಂದು ಎಲೆಗಳು

ಕೊಳ್ಳೇಗಾಲದ ಮನೆಯ ಮನೋಜ, ಯಳಂದೂರಿನ ಮನೆಯ ಹರ್ಷಿತಾ, ನೀವಿಬ್ಬರೂ ಓದಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳುವುದು ನನ್ನಿಂದ ಆಗದು. ನಾಲ್ಕು ಜನ ಕೂತರೆ ನನಗೆ ಮಾತು ಹೊರಡದು. ನಿಮ್ಮ ತಾತ ಬದುಕಿದ್ದಾಗಲೂ ಹಾಗೆಯೇ ಇತ್ತು, ಅವರು ಹೋದ ಮೇಲಂತೂ ಮಾತಿನ ಅಭ್ಯಾಸವೇ ತಪ್ಪಿತು. ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ ಇವು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ. ಮೊನ್ನೆ ಮನೋಜ ಫೋನಿನಲ್ಲಿ ಫುಟ್‌ಬಾಲ್ ನೋಡುತ್ತಿದ್ದಾಗ ನಾನು ಹಿಂದೆ ನಿಂತು, ಬಲ್ಗೇರಿಯಾದ ಒಂದು ಕ್ಲಬ್ಬಿನ ಹೆಸರು ಹೇಳಿ, ಅವರು ಈಗಲೂ ಆಡುತ್ತಾರೆಯೇ ಎಂದು ಕೇಳಿದೆ. ಅವನು ಫೋನನ್ನು ಮಡಿಲಿಗೆ ಹಾಕಿಕೊಂಡು, ದೆವ್ವ ಕಂಡವನ ಹಾಗೆ ನನ್ನ ಮುಖ ನೋಡಿದ. ಆಮೇಲೆ ಹರ್ಷಿತಾಳಿಗೆ ಫೋನು ಮಾಡಿ, "ಅಜ್ಜಿಗೆ ಬಲ್ಗೇರಿಯಾ ಗೊತ್ತಂತೆ ಕಣೇ" ಎಂದು ನಕ್ಕ. ಇಬ್ಬರೂ ಸೇರಿ ಕೇಳಿದಿರಿ. ನಾನು ಒಗೆಯುವ ಬಟ್ಟೆ ಇದೆ ಎಂದು ಎದ್ದುಹೋದೆ. ಅವತ್ತು ಹೇಳದೆ ಉಳಿದದ್ದು ಇದು.

ನಮ್ಮ ಮನೆ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಳಗೆ ನಡೆಯಬೇಕಾದ ಊರಿನಲ್ಲಿತ್ತು. ಉದ್ದಕ್ಕೆ ಚಾಚಿದ ನಾಡಹೆಂಚಿನ ಮನೆ. ಮೂಡಲ ತುದಿಯಲ್ಲಿ ದೊಡ್ಡಪ್ಪ, ಬಂಡಳ್ಳಿಯಿಂದ ಬಂದ ದೊಡ್ಡಮ್ಮ. ಪಡುವಲ ತುದಿಯಲ್ಲಿ ಅಪ್ಪ, ಅಮ್ಮ, ನಾನು. ನಡುವೆ ನನ್ನ ತಾತ, ಅಪ್ಪನ ಅಪ್ಪ, ಮಲಗುತ್ತಿದ್ದ ಕೋಣೆ. ತಾತನನ್ನು ನಾನು ಕಂಡಿಲ್ಲ, ಅವರ ಫೋಟೊ ದೊಡ್ಡಪ್ಪನ ಕಡೆಯ ಗೋಡೆಯಲ್ಲಿತ್ತು. ಒಂದು ಕಾಲಕ್ಕೆ ಮನೆಗೆಲ್ಲ ಒಂದೇ ಒಲೆ ಇತ್ತಂತೆ. ನನಗೆ ಬುದ್ಧಿ ಬಲಿಯುವ ಹೊತ್ತಿಗೆ ಎರಡಾಯಿತು, ಅದೂ ಒಂದು ಒಗ್ಗರಣೆಯಿಂದ. ನಾವು ರೇಷ್ಮೆ ಹುಳ ಸಾಕುವವರು. ಹುಳ ಪೊರೆ ಬಿಡಲು ಸೊಪ್ಪು ತಿನ್ನದೆ ತಲೆಯೆತ್ತಿ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ಜ್ವರದಲ್ಲಿರುವ ಹುಳಕ್ಕೆ ಘಾಟು ಆಗದು. ಆಗ ಮನೆಯಲ್ಲಿ ಮೆಣಸಿನಕಾಯಿ ಹುರಿಯಬಾರದು, ಬೀಡಿ ಸೇದಬಾರದು, ಸಾಸಿವೆ ಸಿಡಿಸಬಾರದು. ಒಂದು ಸಲ ಕೊನೆಯ ಜ್ವರದಲ್ಲಿ ಯಾರೋ ಒಗ್ಗರಣೆ ಹಾಕಿದರು. ಹುಳ ಕಪ್ಪಾಗಿ ತಟ್ಟೆತಟ್ಟೆಯೇ ಸತ್ತವು. ಅಮ್ಮ ಹಾಕಿದಳು ಎಂದು ದೊಡ್ಡಮ್ಮ, ದೊಡ್ಡಮ್ಮ ಹಾಕಿದರು ಎಂದು ಅಮ್ಮ. ಹಿತ್ತಲಲ್ಲಿ ಗುಂಡಿ ತೋಡಿ ಹುಳ ಮುಚ್ಚಿದ ದಿನವೇ ಅಪ್ಪ ಪಡುವಲ ತುದಿಯಲ್ಲಿ ಮೂರು ಕಲ್ಲು ಹೂಡಿದರು. ನಾನು ಅಂಗಳದಲ್ಲಿ ಆಡುತ್ತಿದ್ದೆನೆಂದು ಎರಡು ಕಡೆಯವರೂ ನನ್ನನ್ನು ಹಿಡಿದು ಕೇಳಿದರು.

"ನೀನ್ ನೋಡ್ದೇನವ್ವಾ? ಯೋಳು, ಯಾರು ಎಣ್ಣೆ ಕಾಯಿಸ್ತಿದ್ದೋರು?"

ನಾನು ನೋಡಿರಲಿಲ್ಲ. ನೋಡಲಿಲ್ಲ ಎಂದರೂ ಒಬ್ಬರಿಗೆ ಸಿಟ್ಟು ಬರುತ್ತಿತ್ತು. ಸುಮ್ಮನಿದ್ದೆ. ಆ ಸುಮ್ಮನಿರುವುದೇ ನನಗೆ ಅಂಟಿಕೊಂಡಿತು. ಆಮೇಲೆ ಎರಡು ಒಲೆಗಳ ನಡುವೆ ಓಡಾಡುವ ಕೆಲಸ ನನ್ನ ಪಾಲಿಗೆ ಬಂತು. ಇಲ್ಲಿಂದ ಅಲ್ಲಿಗೆ ಒರಳು ಕೇಳಲು, ಅಲ್ಲಿಂದ ಇಲ್ಲಿಗೆ ಹೆಪ್ಪು ತರಲು. ಹೋದ ಕಡೆಯಲ್ಲೆಲ್ಲ ಕೇಳುತ್ತಿದ್ದರು, ಇವತ್ತು ಅವರ ಮನೆಯಲ್ಲಿ ಏನು ಸಾರು, ನಮ್ಮ ಬಗ್ಗೆ ಏನಂದರು. ಒಂದು ಮಾತು ಸೋರಿದರೆ ಸಾಯಂಕಾಲದ ಹೊತ್ತಿಗೆ ಅಂಗಳದಲ್ಲಿ ಜಗಳ. ನಾನು ಸೀರೆ ಉಡುವ ವಯಸ್ಸಿಗೆ ಮೊದಲೇ ಬಾಯಿ ಕಟ್ಟಿಕೊಂಡೆ. ನಿಮ್ಮ ಅಪ್ಪಂದಿರು ನನ್ನನ್ನು ನಾಚಿಕೆಯವಳು ಅನ್ನುತ್ತಾರೆ. ನಾಚಿಕೆಯಲ್ಲ ಅದು, ಆಯಾಸ. ಆ ವಯಸ್ಸಿಗೇ ನಾನು ದಣಿದಿದ್ದೆ.

ನಮ್ಮಜ್ಜಿ ಯಾವ ಕಡೆಗೂ ಸೇರಲಿಲ್ಲ. ಮಧ್ಯಾಹ್ನ ಮೂಡಲಲ್ಲಿ ಉಣ್ಣುತ್ತಿದ್ದರು, ಸಾಯಂಕಾಲ ಪಡುವಲಲ್ಲಿ. ಅವರಿಗೆ ಇದ್ದದ್ದು ಒಂದೇ ಆಸೆ. ತಾನು ಕಣ್ಣು ಮುಚ್ಚುವುದರೊಳಗೆ ಎರಡು ಒಲೆ ಒಂದಾಗಬೇಕು. ಅದಾಗದಿದ್ದರೆ ಕೊನೆಗೆ ಮಹಾಲಯ ಅಮಾವಾಸ್ಯೆಯಲ್ಲಿ ತಾತನಿಗೆ ಇಡುವ ಎಡೆಯಾದರೂ ಒಂದಾಗಬೇಕು. ಹಬ್ಬದ ದಿನ ದೊಡ್ಡಪ್ಪ ಫೋಟೊದ ಮುಂದೆ ಎಡೆ ಇಡುತ್ತಿದ್ದರು, ಅಪ್ಪ ಬರಿಗೋಡೆಯ ಮುಂದೆ. ಸತ್ತ ಗಂಡ ಒಂದೇ ಹೊತ್ತಿನಲ್ಲಿ ಯಾವ ಬಾಗಿಲಿಗೆ ಬರಬೇಕು ಎನ್ನುವುದು ಅಜ್ಜಿಯ ಸಂಕಟ. ಅದಕ್ಕಾಗಿ ಮಾದಪ್ಪನ ಬೆಟ್ಟಕ್ಕೆ ನಡೆದು ಬರುವ ಹರಕೆಯನ್ನೂ ಹೊತ್ತಿದ್ದರು.

ನಡುಕೋಣೆಯನ್ನು ಯಾರಿಗೆ ಬಿಡುವುದೆಂದು ಅಣ್ಣತಮ್ಮಂದಿರು ಒಪ್ಪದಿದ್ದಾಗ ಅದು ಬಾಡಿಗೆಗೆ ಹೋಯಿತು. ಅಪ್ಪ ಕೆಲಸ ಮಾಡುತ್ತಿದ್ದ ರೇಷ್ಮೆ ಫಾರಮ್ಮಿಗೆ ಬಲ್ಗೇರಿಯಾದಿಂದ ಹುಳದ ತಳಿ ನೋಡುವ ಒಬ್ಬರು ಬಂದಿದ್ದರು. ಅವರ ಹೆಸರು ಸ್ಟೋಯನ್. ಊರಿನ ಬಾಯಲ್ಲಿ ತೋಯಣ್ಣ ಆಯಿತು. ಕೊಳ್ಳೇಗಾಲದ ಲಾಡ್ಜಿನ ಗದ್ದಲ ಬೇಡ, ಹುಳ ಸಾಕುವ ಮನೆಯಲ್ಲೇ ಇರುತ್ತೇನೆ ಎಂದು ತಾವಾಗಿ ಬಂದರು. ಬೋಳುತಲೆ, ದಪ್ಪ ಮೀಸೆ, ಬಿಸಿಲಿಗೆ ಬೆಂದು ಗೇರುಹಣ್ಣಿನ ಬಣ್ಣಕ್ಕೆ ತಿರುಗಿದ ಮೂಗು. ಕನ್ನಡವನ್ನು ಸೊಪ್ಪು ಕೊಯ್ಯುವ ಆಳುಗಳಿಂದ ಕಲಿತಿದ್ದರು. ಹಾಗಾಗಿ ಆಳುಗಳ ಸಲಿಗೆಯ ಲಾ ಎಲ್ಲರಿಗೂ, ಮೇಷ್ಟರಿಗೂ ಲಾ, ಅಮಲ್ದಾರರಿಗೂ ಲಾ. ಮೊದಲ ದಿನ ಬಾಗಿಲಲ್ಲಿ ಅಜ್ಜಿಯನ್ನು ಕಂಡು ಕೈಮುಗಿದು, "ಚೆಂದಾಕಿದ್ದೀಯೇನ್ಲಾ ಅಜ್ಜಿ?" ಎಂದರು. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಚೆಂದಾಕಿವ್ನಿ ಕಣ್ಲಾ ಮಗ. ನೀ ಒಳೀಕ್ ಬಾ."

ಅವರಿಗೆ ಊಟ ಒಂದು ವಾರ ದೊಡ್ಡಮ್ಮನ ಒಲೆಯಿಂದ, ಒಂದು ವಾರ ನಮ್ಮ ಒಲೆಯಿಂದ. ಒಯ್ಯುವವಳು ನಾನು. ಮೊಸರನ್ನು ಅವರು ಬಟ್ಟಲೆತ್ತಿ ಕುಡಿಯುತ್ತಿದ್ದರು. ಇದು ತಿಳಿದ ಮೇಲೆ ಎರಡು ಕಡೆಯೂ ಮೊಸರು ಗಟ್ಟಿಯಾಯಿತು. ಒಂದು ದಿನ ದೊಡ್ಡಮ್ಮ ತಡೆಯಲಾರದೆ, ಅಮ್ಮನಿಗೆ ಕೇಳುವ ಹಾಗೆ ಜೋರಾಗಿಯೇ ಕೇಳಿದರು.

"ತೋಯಣ್ಣ, ಯಾರ ಮೊಸ್ರು ಚೆಂದಾಗದೆ? ನಿಜ ಯೋಳ್ಬುಡು, ಅಂಜ್ಕೋಬ್ಯಾಡ."

"ನಿಂದು ಮೂಡ್ಲು ಹುಳಿ, ಅವ್ಳದು ಪಡುವ್ಲು ಹುಳಿ. ನಾನು ಮಧ್ಯ ಐತೀನಿ, ನಂಗೆ ಎರಡೂ ಬೇಕು ಕಣ್ಲಾ."

ಆ ಕೋಣೆಯ ಗೋಡೆಯಲ್ಲಿ ಅವರು ತಂದ ಒಂದು ಫೋಟೊ ಇತ್ತು. ಕಟ್ಟುಹಾಕಿದ, ಕಂದಿದ ಫೋಟೊ. ಹನ್ನೊಂದು ಗಂಡಸರು, ಹಿಂದಿನವರು ನಿಂತು, ಮುಂದಿನವರು ಮೊಣಕಾಲೂರಿ. ಅವರ ಊರಿನ ಫುಟ್‌ಬಾಲ್ ಕ್ಲಬ್ಬು. ಊಟ ಮಾಡುತ್ತ ಅವರು ಅದರ ಕತೆ ಹೇಳುತ್ತಿದ್ದರು. ನಾನು ಮಾತಾಡದವಳು, ಬಾಗಿಲ ಹತ್ತಿರ ತಟ್ಟೆಗೆ ಕಾಯುತ್ತ ಕೂರುವವಳು. ಹೇಳುವುದಕ್ಕೆ ಅಂಥವರೇ ಹಿತವೇನೋ. ಅವರ ಊರೂ ರೇಷ್ಮೆಯ ಊರು, ರಸ್ತೆಯ ಇಕ್ಕೆಲದಲ್ಲೂ ಹಿಪ್ಪುನೇರಳೆ ಮರ. ನೂಲು ಬಿಚ್ಚುವವರು ದಿನವೆಲ್ಲ ಬಿಸಿನೀರಿನ ಬಾನಿಯಲ್ಲಿ ಕೈಯಾಡಿಸಿ ಗೂಡಿನಿಂದ ಎಳೆ ತೆಗೆಯುತ್ತಾರಲ್ಲ, ಸಾಯಂಕಾಲಕ್ಕೆ ಅವರ ಕೈ ಬೆಂದು ಊದಿಕೊಂಡಿರುತ್ತದೆ. ಇಸ್ಪೀಟು ಹಿಡಿಯಲೂ ಆಗದು. ಕೈ ಬೇಕಿಲ್ಲದ ಆಟ ಒಂದು ಇದೆ ಎಂದು ಯಾರೋ ಹೇಳಿದ್ದೇ ಕ್ಲಬ್ಬು ಹುಟ್ಟಲು ಕಾರಣವಂತೆ. ಕುದುರೆಯ ಜೀನು ಹೊಲಿಯುವವನೊಬ್ಬ ಚೆಂಡು ಹೊಲಿದುಕೊಟ್ಟ. ಗೋಲು ಕಾಯುವವನು ಚೆಂಡನ್ನು ಕೈಯಲ್ಲಿ ಹಿಡಿಯಲೇಬೇಕಾದ್ದರಿಂದ ಅವನೊಬ್ಬನನ್ನು ಮಾತ್ರ ಸೊಪ್ಪು ಹೊರುವವರ ಪೈಕಿಯಿಂದ ಆರಿಸಿದರು.

ಅಂಗಿಯ ಬಣ್ಣ ಹಳದಿ. ಊರಿನ ರೇಷ್ಮೆ ಮಿಲ್ಲಿನಲ್ಲಿ ಉಳಿದ ಬಣ್ಣದ ನೀರಿನಲ್ಲಿ ಅದ್ದಿದ್ದು. ಮಳೆ ಬಂದರೆ ಬಣ್ಣ ಇಳಿದು ಮೈಯೆಲ್ಲ ಅರಿಸಿನ ಹಚ್ಚಿದ ಮದುಮಕ್ಕಳ ಹಾಗೆ ಆಗುತ್ತಿತ್ತಂತೆ. ಹುಳ ಸೊಪ್ಪು ಮೇಯುವ ವಾರಗಳಲ್ಲಿ ಇಡೀ ಊರು ಸೊಪ್ಪಿನ ಹಿಂದೆ. ಆಗ ಆಡಲು ಜನವಿಲ್ಲ, ನೋಡಲೂ ಜನವಿಲ್ಲ. ಬೇರೆ ಊರಿನ ಕ್ಲಬ್ಬಿನವರು ಇವರನ್ನು ಹುಳ ಮೇಯಿಸುವವರು ಎಂದು ಆಡಿಕೊಳ್ಳುತ್ತಿದ್ದರು. ಇವರು ಅದನ್ನೇ ಹಾಡು ಕಟ್ಟಿ ಹಾಡಿದರು. ಅದೇ ಊರಿನಲ್ಲಿ ರೈಲ್ವೆಯವರ ಇನ್ನೊಂದು ಕ್ಲಬ್ಬು, ಕೆಂಪು ಅಂಗಿ. ಇವರಿಬ್ಬರೂ ಆಡುವ ಭಾನುವಾರ ಆಟ ಮುಗಿಯುವ ತನಕ ಊರಿನಲ್ಲಿ ಭಾವಮೈದುನರೂ ಮಾತು ಬಿಡುತ್ತಿದ್ದರು. ಹಳದಿಯವರು ಒಂದು ಸಲ ರಾಜಧಾನಿಯ ದೊಡ್ಡ ಕ್ಲಬ್ಬಿನ ಎದುರು ಆಡಿ ಸೋತರು. ಆದರೆ ಒಂದು ಗೋಲು ಹೊಡೆದು ಸೋತರು. ಆ ಒಂದು ಗೋಲಿಗೆ ಊರಿನವರು ಸ್ಟೇಶನ್ನಿನಿಂದ ಮಿಲ್ಲಿನವರೆಗೆ ಅವರನ್ನು ಹೆಗಲ ಮೇಲೆ ಹೊತ್ತು ತಂದರಂತೆ. ಕತೆ ಅಲ್ಲಿಗೆ ನಿಲ್ಲುತ್ತಿತ್ತು. ಮುಂದೇನು ಎಂದು ಕೇಳಲು ನನಗೆ ಬಾಯಿಲ್ಲ. ಅವರು ಮೊಸರಿನ ಬಟ್ಟಲು ನೆಕ್ಕಿ ನನ್ನ ಕೈಗೆ ಕೊಡುತ್ತಿದ್ದರು, ನಾನು ಎದ್ದು ಬರುತ್ತಿದ್ದೆ.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಅಜ್ಜಿ ಗಟ್ಟಿ ಮನಸ್ಸು ಮಾಡಿದರು. ಎಡೆ ಮೂಡಲಲ್ಲೂ ಬೇಡ, ಪಡುವಲಲ್ಲೂ ಬೇಡ, ನಡುಕೋಣೆಯಲ್ಲಿ. ಎರಡು ಒಲೆಯ ಅಡುಗೆಯೂ ಅಲ್ಲಿಗೇ ಬರಬೇಕು. ಒಪ್ಪದಿದ್ದರೆ ತಾನು ಅನ್ನ ಮುಟ್ಟುವುದಿಲ್ಲ. ಮಕ್ಕಳಿಬ್ಬರೂ ಮುಖ ಊದಿಸಿಕೊಂಡು ಒಪ್ಪಿದರು. ತೋಯಣ್ಣ ಫಾರಮ್ಮಿಗೆ ಹೋಗಿದ್ದರು. ಅಜ್ಜಿ ಅವರ ಮಂಚವನ್ನು ಮೂಲೆಗೆ ಸರಿಸಿ, ನೆಲ ಸಾರಿಸಿ, ತಾತನ ಫೋಟೊ ತಂದು ಆ ಹನ್ನೊಂದು ಜನರ ಫೋಟೊದ ಪಕ್ಕಕ್ಕೆ ಹಾಕಿದರು. ನಮ್ಮ ಮನೆಗಳಲ್ಲಿ ಆಗ ಗೋಡೆ ಹತ್ತಿದ ಫೋಟೊ ಎಂದರೆ ದೇವರದು, ಇಲ್ಲವೆ ಸತ್ತವರದು. ಬದುಕಿರುವವರನ್ನು ಯಾರೂ ಮೊಳೆಗೆ ನೇತುಹಾಕುತ್ತಿರಲಿಲ್ಲ. ಅಜ್ಜಿ ಆ ಗಂಡಸರನ್ನು ಒಬ್ಬೊಬ್ಬರಾಗಿ ನೋಡಿದರು.

"ನಮ್ಮೋರ್ಗೆ ಇಕ್ಕಿ, ಅವನ್ ಮನೆಯೋರ್ನ ಪಕ್ಕದಾಗೆ ಬಾಯ್ ನೋಡ್ಕಂಡು ನಿಲ್ಸದಾ? ಪಾಪ, ಎಲ್ಲಾ ಚಿಕ್ಕ್ ಪ್ರಾಯದಾಗೇ ಓಗವ್ರೆ. ಸಿದ್ದೀ, ಇನ್ನ ಹನ್ನೊಂದು ಎಲೆ ತಕಂಡ್ ಬಾ ಮಗ."

ಗೋಡೆಯ ಮೇಲಿರುವವರು ಸತ್ತವರೆಂದೇ ನಾನೂ ನಂಬಿದ್ದೆ. ಮುತ್ತುಗದ ಎಲೆ ತಂದೆ. ತಾತನಿಗೆ ದೊಡ್ಡ ಎಲೆ, ಅವರಿಗೆಲ್ಲ ಚಿಕ್ಕ ಎಲೆ. ಮುದ್ದೆ, ಕೋಳಿ ಸಾರು, ಕಜ್ಜಾಯ, ವಡೆ. ತಾತನಿಗೆ ಒಂದು ಕಟ್ಟು ಬೀಡಿ. ಆ ದೇಶದವರು ಬೀಡಿ ಸೇದುತ್ತಾರೋ ಇಲ್ಲವೋ ಎಂದು ಅಜ್ಜಿಗೆ ಚಿಂತೆಯಾಗಿ ಅವರೆಲ್ಲರ ಮಧ್ಯೆ ಒಂದು ಚೆಂಬು ಮೊಸರು ಇಡಿಸಿದರು. ಅಷ್ಟರಲ್ಲಿ ತಾತನ ಎಲೆಗೆ ಯಾರ ಕಜ್ಜಾಯ ಮೊದಲು ಬೀಳಬೇಕೆಂದು ಶುರುವಾಯಿತು.

"ಇರೀಮಗ ನಾನು. ಮೊದ್ಲು ನಮ್ದು ಬೀಳ್ಲಿ."

"ಫೋಟಾನೂ ನಿಂದು, ಮೊದ್ಲೂ ನಿಂದು. ನಾವೇನ್ ಅಪ್ಪಂಗೆ ಹುಟ್ನಿಲ್ವಾ?"

"ಇಬ್ರೂ ಒಟ್ಗೇ ಆಕ್ರಿ, ಇಲ್ದಿದ್ರೆ ನಾಯಿಗಾಕ್ತೀನಿ!" ಎಂದು ಅಜ್ಜಿ ಗದರಿದರು. ಇಬ್ಬರೂ ಒಟ್ಟಿಗೆ ಹಾಕಿದರು. ಕೈಗೆ ಕೈ ತಾಗಿದಾಗ ಬಿಸಿ ತಗುಲಿದವರ ಹಾಗೆ ಎಳೆದುಕೊಂಡರು. ಊದುಬತ್ತಿ ಹಚ್ಚಿ, ಬಾಗಿಲು ಎಳೆದುಕೊಂಡು ನಾವೆಲ್ಲ ಅಂಗಳದಲ್ಲಿ ಕೂತೆವು. ಹಿರಿಯರು ಉಣ್ಣುವಷ್ಟು ಹೊತ್ತು ಯಾರೂ ಒಳಗೆ ಹೋಗುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ದೊಡ್ಡಪ್ಪ ಬೇಲಿ ನೋಡುತ್ತ, ಅಪ್ಪ ಬಾವಿ ನೋಡುತ್ತ. ಹೊತ್ತು ಮುಳುಗುತ್ತಿತ್ತು. ತೋಯಣ್ಣ ಸೈಕಲ್ಲು ತಳ್ಳಿಕೊಂಡು ಬಂದು ನೇರ ತಮ್ಮ ಕೋಣೆಯ ಬಾಗಿಲಿಗೆ ಕೈ ಹಾಕಿದರು.

"ಲೇ ಲೇ ತೋಯಣ್ಣ, ಮುಟ್ಬ್ಯಾಡ! ಉಣ್ತಾವ್ರೆ!" ಎಂದು ಅಜ್ಜಿ ಪಿಸುದನಿಯಲ್ಲೇ ಗದರಿದರು.

"ಯಾರ್ಲಾ ಉಣ್ತಾವ್ರೆ, ನನ್ ಕೋಣೆಲಿ?"

"ನಮ್ಮೋರು. ನಿಮ್ಮೋರೂವೆ. ಕುಂತ್ಕೊ ಸುಮ್ನೆ."

ಅವರು ನಮ್ಮ ಮುಖ ನೋಡಿದರು, ಮುಚ್ಚಿದ ಬಾಗಿಲು ನೋಡಿದರು, ಟೋಪಿ ತೆಗೆದು ನನ್ನ ಪಕ್ಕ ಕೂತರು. ಅಜ್ಜಿ ಮೂರು ಸಲ ಬಾಗಿಲು ತಟ್ಟಿ ತೆಗೆದಾಗ ಅವರೂ ನಮ್ಮ ಹಿಂದೆ ಬಂದರು. ಎಲೆಗಳನ್ನು ನೋಡಿ ಮೊದಲು ಜೋರಾಗಿ ನಕ್ಕರು. ಆಮೇಲೆ ನಗು ನಿಂತು, ಗೋಡೆಯ ಹತ್ತಿರ ಹೋಗಿ ಫೋಟೊದಲ್ಲಿ ಬೆರಳಿಟ್ಟರು.

"ಅಜ್ಜಿ, ಇವ್ನು ಬದುಕವ್ನೆ. ಈಗ ಕ್ಷೌರ ಮಾಡ್ತಾನೆ. ಇವ್ನು ಬದುಕವ್ನೆ, ಲಾರಿ ಓಡಿಸ್ತಾನೆ. ಇವ್ನು ನಾನು ಕಣ್ಲಾ."

ಟೋಪಿ ಹಾಕಿ ಅಂಚಿನಲ್ಲಿ ನಿಂತಿದ್ದ, ಮೀಸೆಯಿಲ್ಲದ, ತಲೆತುಂಬ ಕೂದಲಿದ್ದ ಹುಡುಗ ಅವರೇ. ಗೋಲು ಕಾಯುತ್ತಿದ್ದ ಸೊಪ್ಪು ಹೊರುವವನು. ಅಜ್ಜಿ ನೆಲದಲ್ಲಿ ಕುಸಿದು ಕೂತರು. ಬದುಕಿರುವವನಿಗೆ ಸತ್ತವರ ಎಡೆ ಇಟ್ಟಿದ್ದರು. ಅದಕ್ಕಿಂತ ಕೆಟ್ಟದ್ದು ನಮ್ಮಲ್ಲಿ ಇಲ್ಲ. ಅಮ್ಮ, ದೊಡ್ಡಮ್ಮ ಇಬ್ಬರೂ ಒಂದೇ ಸಲ ಅಯ್ಯಯ್ಯೋ ಎಂದರು. ಬಹಳ ದಿನಗಳ ಮೇಲೆ ಅವರಿಬ್ಬರ ಬಾಯಿಂದ ಒಂದೇ ಮಾತು ಬಂದದ್ದು ಅವತ್ತು. ಅಜ್ಜಿಗೆ ಪರಿಹಾರ ಹೊಳೆಯಲು ತಡವಾಗಲಿಲ್ಲ.

"ಕುಂತ್ಕೊಳ್ಲಾ. ನಿನ್ನೆಲೆ ನೀನೇ ಉಣ್ಣು. ಈಗ್ಲೇ ಉಣ್ಣು. ದೋಸ ಓಯ್ತದೆ."

ತೋಯಣ್ಣ ಚಕ್ಕಳಮಕ್ಕಳ ಹಾಕಿ ಕೂತು ಉಂಡರು. ದೊಡ್ಡಮ್ಮ ಸಾರು ಬಡಿಸಿದರೆ ಅಮ್ಮ ಮುದ್ದೆ ಇಟ್ಟಳು. ಉಣ್ಣುತ್ತ ಅವರೇ ಮಾತು ತೆಗೆದರು.

"ಅಜ್ಜಿ, ನೀನು ತಪ್ಪು ಮಾಡ್ಲಿಲ್ಲ. ಮನುಷ್ಯ ಬದುಕವ್ನೆ, ಕ್ಲಬ್ಬು ಸತ್ತೋಯ್ತು."

"ಯಾರ್ಲಾ ಸಾಯ್ಸಿದ್ದು?"

"ಯಾರೂ ಇಲ್ಲ. ಸೇರ್ಸಿದ್ರು. ಯುದ್ಧ ಆದ್ಮೇಲೆ ಸರ್ಕಾರ ಅಂತು, ಒಂದು ಊರು, ಒಂದು ಕ್ಲಬ್ಬು. ಹಳದಿ ಬೇಡ, ಕೆಂಪು ಬೇಡ, ಎಲ್ರಿಗೂ ಬಿಳಿ ಅಂಗಿ. ಹೆಸ್ರೂ ಹೊಸದು, ಆಫೀಸಲ್ಲಿ ಕೊಟ್ರು."

"ಒಳ್ಳೇದಲ್ವಾ ಅದು? ಒಂದಾದ್ಮ್ಯಾಕೆ ಬಲ ಬರ್ನಿಲ್ವಾ?" ಅಜ್ಜಿಯ ದನಿಯಲ್ಲಿ ಆಸೆ ಇತ್ತು. ಅದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

"ಬರ್ಲಿಲ್ಲ. ನಾನು ಗೋಲಲ್ಲಿ ನಿಂತು ನೋಡ್ತೀನಿ. ನಮ್ಮೋನು ರೈಲ್ವೆಯೋನಿಗೆ ಚೆಂಡು ಕೊಡಲ್ಲ. ರೈಲ್ವೆಯೋನು ನಮ್ಮೋನಿಗೆ ಕೊಡಲ್ಲ. ಅಂಗಿ ಒಂದೇ. ಮೊದ್ಲು ಆಟ ಮುಗಿದ್ಮೇಲೆ ಒಟ್ಗೆ ಕುಡೀತಿದ್ವಿ, ಬೈತಿದ್ವಿ, ನಗ್ತಿದ್ವಿ. ಸೇರ್ಸಿದ್ಮೇಲೆ ಅದೂ ನಿಂತೋಯ್ತು. ಜನಾನೂ ಬರ್ಲಿಲ್ಲ. ಯಾರಿಗೆ ಕೂಗ್ಬೇಕು, ಗೊತ್ತಾಗ್ಲಿಲ್ಲ ಕಣ್ಲಾ."

ದೊಡ್ಡಪ್ಪ ತುಟಿ ಕಚ್ಚಿಕೊಂಡರು. ಅಪ್ಪ ಅವರ ಕಡೆ ನೋಡಿದರು. ಇಬ್ಬರಿಗೂ ತಡೆಯದೆ ನಗು ಬಂತು. ನಾಚಿಕೆಯ ನಗು. ಅಜ್ಜಿ ಮಾತ್ರ ನಗಲಿಲ್ಲ. ಬಹಳ ಹೊತ್ತು ತಾತನ ಎಲೆಯ ಮುಂದೆ ಕೂತು, ಅಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದ ಎರಡು ಕಜ್ಜಾಯಗಳನ್ನು ನೋಡುತ್ತಿದ್ದರು. ನಾನು ಅವರ ಬೆನ್ನನ್ನು ನೋಡುತ್ತಿದ್ದೆ. ಆಸೆಯೊಂದು ಮನುಷ್ಯರ ಬೆನ್ನಿನಿಂದ ಇಳಿದುಹೋಗುವುದನ್ನು ಕಣ್ಣಾರೆ ಕಂಡದ್ದು ಅವತ್ತೇ. ಇಳಿದಾಗ ಅವರು ಹಗುರಾದರೋ ಮುರಿದರೋ ನನಗೆ ಇವತ್ತಿಗೂ ಹೇಳಲು ಬಾರದು.

"ಬುಡ್ರಿ," ಎಂದರು ಕೊನೆಗೆ. "ಬರೋ ವರ್ಸದಿಂದ ಎರಡ್ ಕಡೆನೂ ಇಕ್ರಿ. ಆವಯ್ಯ ಬದುಕಿದ್ದಾಗ ಬೆಳೆ ಬಂದಾಗೆಲ್ಲ ಗೂಡ್ ಹೊತ್ಕಂಡು ಕೊಳ್ಳೇಗಾಲ್ದ ಗಂಟ ನಡೀತಿದ್ದ. ಈ ಬಾಗ್ಲಿಂದ ಆ ಬಾಗ್ಲಿಗೆ ನಡ್ಯಕಾಗಲ್ವಾ?"

ಆ ವಾರವೇ ಅಜ್ಜಿ ತೋಯಣ್ಣನ ಜೊತೆ ಬಸ್ಸು ಹತ್ತಿ ಕೊಳ್ಳೇಗಾಲದ ಸ್ಟುಡಿಯೋಗೆ ಹೋಗಿ ತಾತನ ಫೋಟೊದಿಂದ ಇನ್ನೊಂದು ಫೋಟೊ ತೆಗೆಸಿ ತಂದರು. ಯಾವುದು ಹಳೆಯದೆಂದು ತಿಳಿಯದ ಹಾಗೆ ಎರಡಕ್ಕೂ ಒಂದೇ ಕಟ್ಟು. ಒಂದರಲ್ಲಿ ತಾತ ಸ್ವಲ್ಪ ಬೆಳ್ಳಗೆ ಬಂದಿದ್ದರು. ತಮ್ಮದೇ ನಿಜವಾದದ್ದೆಂದು ಎರಡು ಕಡೆಯವರೂ ಹೇಳಿಕೊಂಡರು, ಆದರೆ ಅದಕ್ಕಾಗಿ ಯಾರೂ ಜಗಳವಾಡಲಿಲ್ಲ. ಒಂದಾಗಿ ಎಂದು ಅಜ್ಜಿ ಹೇಳುವುದನ್ನು ಬಿಟ್ಟ ಮೇಲೆ ಅಪ್ಪ, ದೊಡ್ಡಪ್ಪ ಬೇಸಿಗೆಯಲ್ಲಿ ಒಂದೇ ಜಗುಲಿಯ ಮೇಲೆ ಕೂತು ಎಲೆಯಡಿಕೆ ಹಾಕುವುದನ್ನು ನಾನು ಕಂಡೆ. ಒಲೆ ಎರಡೇ ಉಳಿದವು. ಮಾತು ಹೆಚ್ಚಾಗಲಿಲ್ಲ. ಕುದಿ ಕಡಿಮೆಯಾಯಿತು. ಅಜ್ಜಿ ಬೆಟ್ಟಕ್ಕೆ ನಡೆದು ಬಂದರು. ಹರಕೆ ಫಲಿಸದಿದ್ದರೂ ಹೇಳಿದ್ದು ಹೇಳಿದ್ದೇ ಎಂದು ಹೋದರು. ಕೌದಳ್ಳಿಯ ಹತ್ತಿರ ಕಾಲು ಬೊಬ್ಬೆ ಬಂದರೂ ಬಸ್ಸು ಹತ್ತಲಿಲ್ಲವಂತೆ. ತೋಯಣ್ಣ ಮುಂದಿನ ಬೆಳೆ ಗೂಡು ಕಟ್ಟಿದ ಮೇಲೆ ಊರಿಗೆ ಹೊರಟರು. ಮುಂದೆ ಅಜ್ಜಿ ತೀರಿಕೊಂಡದ್ದು ಅವರಿಗೆ ತಿಳಿಯಲೇ ಇಲ್ಲ.

ಆಮೇಲೆ ನಾನು ಯಳಂದೂರಿಗೆ ಹೋದಾಗ ಹರ್ಷಿತಾ ಫೋನಿನಲ್ಲಿ ಹುಡುಕಿ ತೋರಿಸಿದಳು. ಎಷ್ಟೋ ವರ್ಷದ ಮೇಲೆ ಆ ಊರಿನವರು ಮತ್ತೆ ಬೇರೆಯಾಗಿ, ಹಳದಿಯವರು ಹಳೆಯ ಹೆಸರನ್ನು ವಾಪಸು ತೆಗೆದುಕೊಂಡಿದ್ದಾರೆ. ಯಾವುದೋ ಕೆಳಗಿನ ಲೀಗಿನಲ್ಲಿ ಆಡುತ್ತಾರಂತೆ, ಸೋಲುವುದೇ ಹೆಚ್ಚಂತೆ. ಚಿಕ್ಕ ಮೈದಾನ, ಹಿಂದೆ ಮರಗಳು, ನೋಡಲು ಬಂದ ಒಂದಿಷ್ಟು ಜನ. ನಾನು ಆ ಅಂಗಿಗಳನ್ನು ಬಹಳ ಹೊತ್ತು ನೋಡಿದೆ. ಹರ್ಷಿತಾ, ನೀನು ಪರದೆ ಆರಿಹೋಯಿತೆಂದು ಎರಡು ಸಲ ಮುಟ್ಟಿ ಬೆಳಗಿಸಿದೆ, ಯಾಕೆಂದು ಕೇಳಲಿಲ್ಲ. ಒಳ್ಳೆಯ ಹುಡುಗಿ.

ಈಗ ನಿಮ್ಮ ಅಪ್ಪಂದಿರ ಮಾತು. ಕೊಳ್ಳೇಗಾಲದಲ್ಲಿ ಒಂದು ತಿಂಗಳು, ಯಳಂದೂರಿನಲ್ಲಿ ಒಂದು ತಿಂಗಳು ಚೀಲ ಹಿಡಿದು ಓಡಾಡಿ ನನ್ನ ಮಂಡಿ ಸವೆದಿದೆ. ಅದಕ್ಕೆ ಅವರಿಬ್ಬರೂ ನನಗೋಸ್ಕರ ಒಂದು ದೊಡ್ಡ ಮನೆ ಕಟ್ಟಿ ಒಟ್ಟಿಗೆ ಇರಬೇಕೆಂದು ಹೊರಟಿದ್ದಾರೆ. ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡದೆ ನಕ್ಷೆ ನೋಡುತ್ತಿದ್ದಾರೆ. ಮಕ್ಕಳೇ, ನನಗೆ ಅದು ಬೇಡ. ಅವರೆದುರು ಹೇಳಲು ನನ್ನಿಂದ ಆಗದು, ನೀವು ಹೇಳಿ. ನನ್ನ ಹೆಸರಿನಲ್ಲಿ ಯಾರೂ ಬಿಳಿ ಅಂಗಿ ತೊಡಬೇಡಿ. ಚೀಲ ನಾನು ಹೊರುತ್ತೇನೆ, ಇಷ್ಟು ವರ್ಷ ಹೊತ್ತಿದ್ದೇನೆ.

ಈ ಕಾಗದಗಳನ್ನು ಎರಡು ಸಲ ಬರೆದಿದ್ದೇನೆ, ಒಂದು ಪ್ರತಿ ಮನೋಜನಿಗೆ, ಒಂದು ಹರ್ಷಿತಾಳಿಗೆ. ಕೈ ಸೋತು ಎರಡೂ ಒಂದೇ ತರ ಬಂದಿಲ್ಲ. ಇದರಲ್ಲಿರುವ ಕೆಲವು ಮಾತು ಅದರಲ್ಲಿಲ್ಲ, ಅದರಲ್ಲಿರುವುದು ಇದರಲ್ಲಿ ಬಿಟ್ಟುಹೋಗಿದೆ. ಎರಡನ್ನೂ ಸೇರಿಸಿ ಒಂದು ಪುಸ್ತಕ ಮಾಡಲು ಹೋಗಬೇಡಿ. ಇರುವೆ ಮುತ್ತದ, ಮಳೆಯ ಎರಚಲು ಬೀಳದ ಕಡೆ, ಅವರವರ ಮನೆಯಲ್ಲೇ ಜೋಪಾನವಾಗಿಟ್ಟುಕೊಳ್ಳಿ. ನಿಮ್ಮದರಲ್ಲಿ ಏನು ಬಿಟ್ಟುಹೋಗಿದೆ ಎಂದು ತಿಳಿಯಬೇಕಾದಾಗ ಎದ್ದು ಆ ಮನೆಗೆ ಹೋಗಿ, ಅಲ್ಲಿ ಕೂತು, ಅವರು ಕೊಟ್ಟ ಮೊಸರು ಉಂಡು, ಓದಿ ಬನ್ನಿ.